ಸ್ಕೂಲ್ ಬ್ಯಾಗಿನ ಬುಲೆಟ್‌ಪ್ರೂಫ್ ಪ್ಯಾನೆಲ್: ಐದಕ್ಕೆ ಎರಡು ಸ್ಟಾರ್

ನಾಲ್ಕನೇ ಕ್ಲಾಸಿನ ಮಗನ ಬ್ಯಾಗಿಗೆ ಅಂತ ತೊಗೊಂಡಿದ್ದು. 11 ಇಂಚು ಅಗಲ, 14 ಇಂಚು ಉದ್ದ, ಕಪ್ಪು ನೈಲಾನ್ ಕವರ್, ತೂಕ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ, ಬೆಲೆ 129 ಡಾಲರ್. ಒಳ್ಳೆಯದನ್ನ ಮೊದಲು ಹೇಳಿಬಿಡ್ತೀನಿ. ಹೊಲಿಗೆ ಗಟ್ಟಿ. ಲ್ಯಾಪ್‌ಟಾಪ್ ಇಡೋ ಜೇಬಲ್ಲಿ ಸರಿಯಾಗಿ ಕೂರುತ್ತೆ, ಕ್ರೋಮ್‌ಬುಕ್ಕಿಗೂ ಜಾಗ ಉಳಿಯುತ್ತೆ. ಶುರುವಿನಲ್ಲಿ ರಬ್ಬರ್ ವಾಸನೆ ಇತ್ತು, ಚಿತ್ರಾನ್ನದ ಡಬ್ಬಿಗೂ ಹತ್ತಿಕೊಂಡಿತ್ತು, ಆಮೇಲೆ ಹೋಯ್ತು. ಬೆನ್ನು ನೋಯದಿರಲಿ ಅಂತ ಹಾಕಿರೋ ಪ್ಯಾಡ್ ಅಂತ ಮಗ ಅಂದ್ಕೊಂಡಿದ್ದಾನೆ. ನಾವೂ ತಿದ್ದೋಕೆ ಹೋಗಿಲ್ಲ.

ನಾವಿರೋದು ಟೆಕ್ಸಸ್‌ನ ಪ್ಲೇನೋದಲ್ಲಿ. ಪಕ್ಕದ ಆಲೆನ್‌ನಲ್ಲಿ ದೊಡ್ಡ ಔಟ್‌ಲೆಟ್ ಮಾಲ್ ಇದೆ. ಊರಿಂದ ಅಪ್ಪ ಅಮ್ಮ ಬಂದರೆ ಶೂ, ಸೂಟ್‌ಕೇಸ್ ಅಂತ ಕರ್ಕೊಂಡು ಹೋಗೋದು ಅಲ್ಲಿಗೇ. 2023ರ ಮೇ 6ರಂದು ಅಲ್ಲಿ ಒಬ್ಬ ಗುಂಡು ಹಾರಿಸಿ ಎಂಟು ಜನರನ್ನ ಕೊಂದ, ನಮ್ಮ ಹೈದರಾಬಾದ್ ಕಡೆಯ ಇಂಜಿನಿಯರ್ ಹುಡುಗಿಯೂ ಅದರಲ್ಲಿದ್ದಳು. ಆಮೇಲೇ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಇಂಥ ಪ್ಯಾನೆಲ್‌ಗಳ ಲಿಂಕ್ ಓಡಾಡೋಕೆ ಶುರುವಾಗಿದ್ದು.

ಈಗ ಸ್ಟಾರ್ ಕಡಿದಿದ್ದಕ್ಕೆ ಕಾರಣ. ಲೇಬಲ್ ಮೇಲೆ ‘ಎನ್‌ಐಜೆ ಪ್ರಮಾಣಿತ, ಲೆವೆಲ್ 3ಎ’ ಅಂತ ದಪ್ಪಕ್ಷರದಲ್ಲಿದೆ. ಎನ್‌ಐಜೆ ಅಂದ್ರೆ ಅಮೆರಿಕದ ನ್ಯಾಯ ಇಲಾಖೆಯ ಸಂಸ್ಥೆ. ಪೊಲೀಸರು ತೊಡೋ ಜಾಕೆಟ್ಟುಗಳಿಗೆ ಅದು ಮಾನದಂಡ ಹಾಕುತ್ತೆ. ಸ್ಕೂಲ್ ಬ್ಯಾಗಿಗೆ ಪ್ರಮಾಣಪತ್ರ ಕೊಡೋದೇ ಇಲ್ಲ. ಕಂಪನಿಗೆ ಮೇಲ್ ಹಾಕಿದರೆ ‘ಆ ಮಟ್ಟದ ವಸ್ತು ಬಳಸಿದ್ದೇವೆ’ ಅಂತ ಜಾರಿಕೊಂಡರು. ಇನ್ನು 3ಎ ತಡೆಯೋದು 9 ಎಂಎಂ ಥರದ ಕೈಪಿಸ್ತೂಲಿನ ಗುಂಡು ಮಾತ್ರ. ಶಾಲೆಗಳಲ್ಲಿ ಗುಂಡಿನ ದಾಳಿ ನಡೆದ ಸ್ಯಾಂಡಿ ಹುಕ್, ಪಾರ್ಕ್‌ಲ್ಯಾಂಡ್, ಯುವಾಲ್ಡೆ, ಜೊತೆಗೆ ಈ ಆಲೆನ್ ಮಾಲ್, ಎಲ್ಲ ಕಡೆ ಜನರನ್ನ ಕೊಂದಿದ್ದು ಎಆರ್-15 ಥರದ ರೈಫಲ್. ಅದರ ಗುಂಡಿನ ವೇಗ ಪಿಸ್ತೂಲಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು, ಈ ಪ್ಯಾನೆಲ್ ತೂರಿಕೊಂಡು ಹೋಗುತ್ತೆ. ಡಬ್ಬದ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅದನ್ನೂ ಬರೆದಿದ್ದಾರೆ, ಪುಣ್ಯಾತ್ಮರು.

ಇನ್ನೊಂದು. ಎಲಿಮೆಂಟರಿ ಸ್ಕೂಲಲ್ಲಿ ಬೆಳಿಗ್ಗೆ ಹೋದ ತಕ್ಷಣ ಬ್ಯಾಗನ್ನ ಗೋಡೆಯ ಕೊಕ್ಕೆಗೆ ತಗುಲಿ ಹಾಕಿಸ್ತಾರೆ. ಗನ್ ಹಿಡಿದವನು ಶಾಲೆಗೆ ನುಗ್ಗಿದರೆ ಅಂತ ಮಾಡಿಸೋ ಲಾಕ್‌ಡೌನ್ ಡ್ರಿಲ್ ಅಂದ್ರೆ ಬಾಗಿಲಿಗೆ ಬೀಗ, ಲೈಟ್ ಆಫ್, ಎಲ್ಲರೂ ಕಣ್ಣಿಗೆ ಬೀಳದ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರೋದು. ಮಗು ಆ ಮೂಲೆಯಲ್ಲಿ, 129 ಡಾಲರ್ ಈ ಗೋಡೆಯಲ್ಲಿ.

ಯುಗಾದಿ ಪಾಟ್‌ಲಕ್‌ನಲ್ಲಿ ಈ ಮಾತು ತೆಗೆದಾಗ ಒಬ್ಬರು, ‘ಇದೆಲ್ಲ ಯಾಕ್ರೀ, ಟೀಚರ್ ಕೈಗೇ ಗನ್ ಕೊಟ್ಟರೆ ಮುಗೀತು’ ಅಂದರು. ಟೆಕ್ಸಸ್‌ನಲ್ಲಿ ಇದು ಬರೀ ಬಾಯಿಮಾತಲ್ಲ. ಹ್ಯಾರಲ್ಡ್ ಅನ್ನೋ ಪುಟ್ಟ ಊರಿನ ಶಾಲೆ 2007ರಲ್ಲೇ ಸಿಬ್ಬಂದಿಗೆ ಗನ್ ಇಟ್ಟುಕೊಳ್ಳೋಕೆ ಒಪ್ಪಿಗೆ ಕೊಟ್ಟಿತು. ಪೊಲೀಸರು ದೂರದಿಂದ ಬರಬೇಕಾದ ಹಳ್ಳಿ, ಅವರ ಭಯ ನನಗೆ ಅರ್ಥ ಆಗುತ್ತೆ. 2013ರಿಂದ ‘ಸ್ಕೂಲ್ ಮಾರ್ಷಲ್’ ವ್ಯವಸ್ಥೆಯೂ ಇದೆ, ಅಂದ್ರೆ 80 ಗಂಟೆ ತರಬೇತಿ ಪಡೆದು ಗನ್ ಇಟ್ಟುಕೊಳ್ಳೋ ಶಾಲಾ ಸಿಬ್ಬಂದಿ. ಶಾಲೆಯಲ್ಲಿ ಮಾರ್ಷಲ್ ಇದ್ದಾರಾ ಅಂತ ಪೋಷಕರು ಬರೆದು ಕೇಳಬಹುದು. ಯಾರು ಅಂತ ಮಾತ್ರ ಹೇಳೋ ಹಾಗಿಲ್ಲ. 2023ರ ಕಾನೂನಿನ ಪ್ರಕಾರ ಪ್ರತಿ ಶಾಲೆಗೂ ಗನ್ ಇರೋ ಕಾವಲುಗಾರ ಕಡ್ಡಾಯ, ಅದಕ್ಕೆ ಆಗ ಸರ್ಕಾರ ಕೊಟ್ಟಿದ್ದು ಶಾಲೆಗೆ ವರ್ಷಕ್ಕೆ 15,000 ಡಾಲರ್. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಕಾವಲುಗಾರ ಸಿಗದಿದ್ದರೆ ಬದಲಿಗೆ ಸಿಬ್ಬಂದಿಗೇ ಪಿಸ್ತೂಲು ಕೊಡಬಹುದು.

ಅಲ್ಲೇ ಹೋಳಿಗೆ ಬಡಿಸ್ತಿದ್ದ ನನ್ನ ಗೆಳತಿ ಇಲ್ಲಿ ಮ್ಯಾಥ್ಸ್ ಟೀಚರ್. ಅವಳು ತಿರುಗಿ ಹೇಳಿದ್ದಿಷ್ಟೇ: ‘ಪ್ರೊಜೆಕ್ಟರ್ ರಿಮೋಟ್ ಎಲ್ಲಿಟ್ಟೆ ಅಂತ ದಿನಾ ಹುಡುಕ್ತೀನಿ ಅಣ್ಣಾ, ಗನ್ ಎಲ್ಲಿಡ್ಲಿ?’ ಎಲ್ಲರೂ ನಕ್ಕರು. 2018ರಲ್ಲಿ ಕ್ಯಾಲಿಫೋರ್ನಿಯಾದ ಸೀಸೈಡ್‌ನಲ್ಲಿ ಒಬ್ಬ ಮೇಷ್ಟ್ರು, ಅದೂ ರಿಸರ್ವ್ ಪೊಲೀಸ್ ಆಗಿದ್ದವರು, ಸುರಕ್ಷತೆಯ ಪಾಠ ಮಾಡ್ತಾ ಕೈತಪ್ಪಿ ಕ್ಲಾಸಿನ ಸೂರಿಗೆ ಗುಂಡು ಹಾರಿಸಿಬಿಟ್ಟಿದ್ದರು. ಯುವಾಲ್ಡೆಯಲ್ಲಿ 376 ಪೊಲೀಸರು ಸೇರಿದ್ದರೂ ಆ ರೈಫಲ್ಲಿಗೆ ಹೆದರಿ 77 ನಿಮಿಷ ಒಳಗೆ ನುಗ್ಗಲಿಲ್ಲ. 19 ಮಕ್ಕಳು, ಇಬ್ಬರು ಟೀಚರ್‌ಗಳು ಹೋದರು. ಅಂಥ ಕೆಲಸಕ್ಕೆ ನನ್ನ ಗೆಳತಿಯನ್ನ ಪಿಸ್ತೂಲು ಕೊಟ್ಟು ನಿಲ್ಲಿಸೋದೂ, ನನ್ನ ಮಗನಿಗೆ ಈ ಪ್ಯಾನೆಲ್ ಹೊರಿಸೋದೂ ಒಂದೇ ಲೆಕ್ಕ. ರೈಫಲ್ ಮಾರೋ ಅಂಗಡಿಯವನು ಮಾತ್ರ ಏನೂ ಹೊರಬೇಕಾಗಿಲ್ಲ.

ಆದರೂ ಎರಡು ಸ್ಟಾರ್ ಯಾಕೆ ಅಂದ್ರೆ, ಪಿಸ್ತೂಲಿನ ಮಟ್ಟಿಗೆ ವಸ್ತು ಸುಳ್ಳಲ್ಲ, ಬ್ಯಾಗ್ ಬೆನ್ನಿಗೇ ಹಾಕ್ಕೊಂಡು ಕ್ಲಾಸಿಂದ ಕ್ಲಾಸಿಗೆ ಓಡಾಡೋ ಹೈಸ್ಕೂಲ್ ಮಕ್ಕಳಿಗೆ ಅಷ್ಟೋ ಇಷ್ಟೋ ಉಪಯೋಗ ಆಗಬಹುದು. ಡಲ್ಲಾಸ್ ಐಎಸ್‌ಡಿ (ಅಲ್ಲಿನ ಸರ್ಕಾರಿ ಶಾಲೆಗಳ ಆಡಳಿತ) ಕಡೆಯವರು ನೋಡ್ಕೊಂಡು ತೊಗೊಳ್ಳಿ: ಅಲ್ಲಿ 2022ರಲ್ಲಿ 6ರಿಂದ 12ನೇ ಕ್ಲಾಸಿನವರಿಗೆ ಪಾರದರ್ಶಕ ಇಲ್ಲವೇ ಜಾಲರಿ ಬ್ಯಾಗ್ ಕಡ್ಡಾಯ ಮಾಡಿದರು, ಪ್ಯಾನೆಲ್ ಎಲ್ಲರಿಗೂ ಕಾಣುತ್ತೆ. ಬ್ಯಾಗನ್ನ ವಾಷಿಂಗ್ ಮಷಿನ್ನಿಗೆ ಹಾಕೋ ಮುಂಚೆ ಮರೀದೆ ತೆಗೆದಿಡಿ, ನೆನೆದರೆ ವಾರಂಟಿ ಇಲ್ಲ.