ನಾಟಕದ ಸದ್ದಿಗೆ ಕೀಬೋರ್ಡೋ, ಮಿಡಿ ಪ್ಯಾಡೋ, ಫೋನೋ?

ಮ್ಯಾಕ್‌ನ ಕ್ಯೂಲ್ಯಾಬ್‌ (ನಾಟಕದ ಸದ್ದು ನಡೆಸುವ ತಂತ್ರಾಂಶ) ಬಳಸಿ ಒಬ್ಬರೇ ಕೂತು ಸಾಲಾಗಿ ಸದ್ದು ಬಿಡುವುದಾದರೆ ಕಂಪ್ಯೂಟರಿನ ಕೀಬೋರ್ಡ್ ಸಾಕು, ಖರ್ಚಿಲ್ಲ. ಸ್ಪೇಸ್ ಒತ್ತಿದರೆ (ಇದೇ ‘ಗೋ’) ಮುಂದಿನ ಕ್ಯೂ, ಅಂದರೆ ಸಾಲಿನ ಮುಂದಿನ ಸದ್ದು; ಎಸ್ಕೇಪ್ ಒತ್ತಿದರೆ ಎಲ್ಲವೂ ಇಳಿದು ನಿಲ್ಲುತ್ತದೆ. ಪರದೆಯಲ್ಲಿ ಬೇರೆ ತಂತ್ರಾಂಶದ ಕಿಟಕಿ ಮುಂದೆ ಬಂದರೆ ಮಾತ್ರ ಒತ್ತಿದ್ದು ಅದರ ಪಾಲು! ನೋಟಿಫಿಕೇಶನ್ ಆರಿಸಿ, ಶೋ ಮೋಡ್‌ಗೆ (ಕ್ಯೂಗಳನ್ನು ತಿದ್ದಲಾಗದ ಸ್ಥಿತಿ) ಹೋಗಿ, ಎರಡು ಗೋಗಳ ನಡುವೆ ಅರ್ಧ ಸೆಕೆಂಡಿನ ಕನಿಷ್ಠ ಅಂತರ ಇಡಿ.

ಯುಎಸ್‌ಬಿ ಮಿಡಿ ಪ್ಯಾಡ್‌ಗೆ (ಬಡಿದರೆ ಕಂಪ್ಯೂಟರಿಗೆ ಸಂಕೇತ ಕಳಿಸುವ ಗುಂಡಿಗಳ ಹಲಗೆ) ದುಡ್ಡು ಬೇಕು, ಆದರೆ ಮುಂದೆ ಯಾವ ಕಿಟಕಿ ಇದ್ದರೂ ಆಜ್ಞೆ ತಲುಪುತ್ತದೆ. ನಟರ ಚಲನೆ ನೋಡಿ ಬಾರಿಸಬೇಕಾದ ಗುಡುಗು, ಗಂಟೆಗಳಿಗೆ ಇದೇ ವಾಸಿ.

ಫೋನ್ ರಿಮೋಟ್ ತಾಲೀಮಿಗೆ ವರ: ಕೊನೆಯ ಸಾಲಿನಲ್ಲಿ ಕೂತೇ ಸದ್ದಿನ ಮಟ್ಟ ಸರಿಮಾಡಬಹುದು. ಪ್ರದರ್ಶನದಲ್ಲಿ ಪ್ರೇಕ್ಷಕರ ಫೋನುಗಳಿಂದ ವೈಫೈ ಕಿಕ್ಕಿರಿಯುತ್ತದೆ. ಆಜ್ಞೆ ಹೊರುವ ಓಎಸ್‌ಸಿ ಸಂದೇಶ ಯುಡಿಪಿಯಲ್ಲಿ (ತಲುಪಿತೇ ಎಂದು ನೋಡದ ರವಾನೆ ವಿಧಾನ) ಕಳೆದುಹೋದರೆ ತಾನಾಗಿ ಮತ್ತೆ ರವಾನೆಯಾಗದು. ಅನಿವಾರ್ಯವಾದರೆ ಸ್ವಂತ 5 ಗಿಗಾಹರ್ಟ್ಸ್ ರೂಟರ್ ಇಟ್ಟು, ಕೀಬೋರ್ಡ್ ಬಳಿ ಒಬ್ಬರನ್ನು ಕೂರಿಸಿ.