ಬಚ್ಚಲುಮನೆಯ ಹಿಡಿಕೆ: ರಬ್ಬರ್ ಕಪ್ಪಿನದು ಬೇಡ, ಸ್ಕ್ರೂ ಹಾಕುವುದನ್ನೇ ತಗೊಳ್ಳಿ

ಮೊದಲೇ ಹೇಳಿಬಿಡುತ್ತೇನೆ, ಇದು ನಾನು ಕೊಂಡ ಎರಡನೇ ಹಿಡಿಕೆ. ಮೊದಲನೆಯದು ರಬ್ಬರ್ ಕಪ್ ಇರುವಂಥದ್ದು. ಗೋಡೆಗೆ ಒತ್ತಿ ಲಿವರ್ ಮಡಚಿದರೆ ಗಪ್ಪನೆ ಕೂರುತ್ತದೆ, ಡ್ರಿಲ್ ಬೇಡ, ಟೈಲ್ಸ್ ಹಾಳಾಗಲ್ಲ ಅಂತ ಖುಷಿಯಾಗಿ ತಂದಿದ್ದೆ. ಹನ್ನೊಂದು ದಿನ ಚೆನ್ನಾಗಿತ್ತು. ಹನ್ನೆರಡನೇ ದಿನ ಬೆಳಗ್ಗೆ ಅಮ್ಮ ಕಮೋಡಿನಿಂದ ಏಳೋಕೆ ಅಂತ ಹಿಡಿದರೆ ಕೈಯಲ್ಲೇ ಬಂತು! ಪುಣ್ಯಕ್ಕೆ ಮತ್ತೆ ಕಮೋಡಿನ ಮೇಲೇ ಕೂತಳು. ಪಕ್ಕಕ್ಕೆ ಬಿದ್ದಿದ್ದರೆ ಸೊಂಟದ ಮೂಳೆ ಉಳಿಯುತ್ತಿರಲಿಲ್ಲ.

ಆಮೇಲೆ ನೋಡಿದರೆ ಕಪ್ಪಿನ ಅಂಚು ಎರಡು ಟೈಲ್ ನಡುವಿನ ಸಿಮೆಂಟ್ ಗೆರೆ ಮೇಲೆ ಬಂದಿತ್ತು, ಅಲ್ಲಿಂದ ನಿಧಾನಕ್ಕೆ ಗಾಳಿ ಒಳಗೆ ಹೋಗಿದೆ. ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ದೇಹದ ಪೂರ್ತಿ ಭಾರ ಹಾಕಬೇಡಿ ಅಂತ ಬೇರೆ ಬರೆದಿದ್ದಾರೆ. ಭಾರ ಹಾಕೋಕೆ ಅಲ್ಲದಿದ್ದರೆ ಅದು ಇನ್ಯಾಕೆ?

ಈಗಿನದು ಸ್ಟೀಲ್ ಕಂಬಿ, ಒಂದೊಂದು ತುದಿಗೆ ಮೂರು ಸ್ಕ್ರೂ. ಮೈ ಸ್ವಲ್ಪ ತರಿತರಿ ಇದೆ, ಸೋಪಿನ ಕೈಯಲ್ಲೂ ಜಾರುವುದಿಲ್ಲ. ದಪ್ಪ 32 ಮಿಮೀ, ಅಮ್ಮನ ಬೆರಳು ಪೂರ್ತಿ ಸುತ್ತುತ್ತದೆ. ಗೋಡೆಗೂ ಕಂಬಿಗೂ 38 ಮಿಮೀ ಜಾಗ. ಅಮೆರಿಕದಲ್ಲಿ ಅಂಗವಿಕಲರ ಅನುಕೂಲಕ್ಕೆ ಅಂತ ಇರುವ ಎಡಿಎ ಕಾನೂನಿನ ನಿಯಮದಲ್ಲೂ ಜಾಗ ಇಷ್ಟೇ. ಜಾಸ್ತಿ ಬಿಟ್ಟರೆ ಜಾರಿದಾಗ ಮುಂಗೈ ಒಳಗೆ ನುಗ್ಗಿ ಸಿಕ್ಕಿಕೊಳ್ಳಬಹುದು. ಆ ನಿಯಮದ ಪ್ರಕಾರ ಹಿಡಿಕೆ 250 ಪೌಂಡ್, ಅಂದರೆ ಸುಮಾರು 113 ಕೆಜಿ ತಡೆಯಬೇಕು. ಆದರೆ ಕಂಬಿ ಎಷ್ಟೇ ಗಟ್ಟಿ ಇದ್ದರೂ ಗೋಡೆ ಗಟ್ಟಿ ಇರಬೇಕಲ್ವಾ? ಟೈಲ್ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಅಲ್ಲಿ ಹಾಕಿಸಬೇಡಿ. ಹಾಕಿದ ಮೇಲೆ ನಾನೇ ನನ್ನ 82 ಕೆಜಿ ಭಾರ ಹಾಕಿ ಜೋತುಬಿದ್ದು ನೋಡಿದೆ. ಅಮ್ಮ ಬಾಗಿಲಲ್ಲಿ ನಿಂತು, "ಗೋಡೆ ಸಮೇತ ಬೀಳ್ತೀಯ ಕಣೋ" ಅಂದಳು.

ಎಲ್ಲಿ ಹಾಕಿಸುವುದು ಅನ್ನುವುದೇ ದೊಡ್ಡ ಪ್ರಶ್ನೆ. ಫಿಟ್ ಮಾಡಲು ಬಂದವರು ನೋಡೋಕೆ ಚೆಂದ ಅಂತ ಗೋಡೆಯ ಮಧ್ಯ ತೋರಿಸಿದರು. ನಾನು ಟವೆಲ್ ರಾಡ್ ನೋಡುತ್ತಾ ನಿಂತಿದ್ದೆ. ಅದು ನಡುವೆ ಬಾಗಿತ್ತು, ಒಂದು ತುದಿಯ ಸ್ಕ್ರೂ ಅರ್ಧ ಹೊರಗೆ ಬಂದಿತ್ತು. ಒದ್ದೆ ಟವೆಲ್ ಭಾರಕ್ಕೆ ಹಾಗಾಗಿದೆ ಅಂದುಕೊಂಡಿದ್ದೆ. ಅಲ್ಲ, ಅಮ್ಮ ಎಷ್ಟೋ ತಿಂಗಳಿಂದ ಅದನ್ನೇ ಹಿಡಿದು ಏಳುತ್ತಿದ್ದಳು. ಕೇಳಿದರೆ, "ಹೇಳಿದ್ರೆ ನೀನು ಸುಮ್ನೆ ಗಾಬರಿ ಆಗ್ತಿದ್ದೆ" ಅಂದಳು. ಕಂಬಿ ಅಲ್ಲೇ ಹಾಕಿಸಿದೆ. ಎಡಿಎ ಎತ್ತರ ನೆಲದಿಂದ 33ರಿಂದ 36 ಇಂಚು, ಅಮ್ಮ ಗಿಡ್ಡ, ಅದಕ್ಕೇ ಅವಳನ್ನು ಕೂರಿಸಿ, ಏಳಿಸಿ, ಕೈ ಹೋದ ಕಡೆ ಪೆನ್ಸಿಲ್ ಗುರುತು ಹಾಕಿದೆ.

ತಕರಾರೂ ಇದೆ. ಜೊತೆಗೆ ಕೊಟ್ಟ ಪ್ಲಾಸ್ಟಿಕ್ ಪ್ಲಗ್ ತೀರಾ ಮೆತ್ತಗಿತ್ತು, ಬೇರೆ ಹಾಕಿಸಿದೆ. ಸ್ಕ್ರೂ ಮುಚ್ಚುವ ಬಿಲ್ಲೆ ಸಡಿಲ, ಮುಟ್ಟಿದರೆ ಗಿರಗಿರ ತಿರುಗುತ್ತದೆ. ಬಿಳಿ ಟೈಲ್ ಮೇಲೆ ಸ್ಟೀಲ್ ಬಣ್ಣ ಅಮ್ಮನ ಕಣ್ಣಿಗೆ ಸರಿಯಾಗಿ ಕಾಣುತ್ತಲೇ ಇರಲಿಲ್ಲ, ಪೊರೆ ಬಂದಿದೆ. ಎರಡು ತುದಿಗೆ ಕೆಂಪು ಟೇಪ್ ಸುತ್ತಿದ ಮೇಲೆ ಕೈ ನೇರ ಅಲ್ಲಿಗೇ ಹೋಗುತ್ತದೆ. ಕೆಂಪು ಬಣ್ಣದ್ದೇ ಮಾಡಿ ಮಾರಿದರೆ ಏನು ಕಷ್ಟವೋ.

ಇನ್ನೊಂದು, ಹಾಸಿಗೆಯಿಂದ ಎದ್ದಾಗ ಬರುವ ತಲೆಸುತ್ತಿಗೆ ಈ ಕಂಬಿ ಏನೂ ಮಾಡುವುದಿಲ್ಲ. ಅಮ್ಮನಿಗೆ ಅದೂ ಇತ್ತು. ಮಲಗಿದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಿದರು. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಅದೇ ಕಾರಣ ಇರಬಹುದಂತೆ, ಅವಳಿಗೆ 26 ಇಳಿದಿತ್ತು. ಡಾಕ್ಟರ್ ಮಾತ್ರೆ ಬದಲಿಸಿದರು.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ಆ ಬಿಲ್ಲೆ ಮತ್ತು ಪ್ಲಗ್‌ಗೆ. ಟವೆಲ್ ರಾಡ್ ಕಿತ್ತು ಹಾಕಿದೆ, ಟವೆಲ್ ಈಗ ಬಾಗಿಲ ಹಿಂದಿನ ಕೊಕ್ಕೆಯಲ್ಲಿ.