ಮುಕ್ತಾಯ ದಿನಾಂಕ ಟೆಕ್ಸ್ಟ್ ಫೀಲ್ಡ್‌ನಲ್ಲಿದ್ದರೆ ರಿಮೈಂಡರ್ ಬರುವುದಿಲ್ಲ

ಒಂದು ಕಚೇರಿಯ ಲಿಫ್ಟ್ ಎಎಂಸಿ (ವಾರ್ಷಿಕ ನಿರ್ವಹಣೆಯ ಕರಾರು) 31-03-2025ಕ್ಕೆ ಮುಗಿಯುತ್ತಿತ್ತು. ಬೇಡವಾದರೆ 90 ದಿನ ಮೊದಲೇ ನೋಟಿಸ್ ಕೊಡಬೇಕು, ಕೊಡದಿದ್ದರೆ ಇನ್ನೊಂದು ವರ್ಷ ತಾನಾಗಿ ಮುಂದುವರಿಯುತ್ತದೆ ಎಂಬ ಷರತ್ತಿತ್ತು. ಅಂದರೆ ನೋಟಿಸ್‌ಗೆ ಕೊನೇ ದಿನ 31-12-2024. ಕರಾರು ನಿರ್ವಹಣೆಯ ಸಾಫ್ಟ್‌ವೇರ್‌ನಲ್ಲಿ ದಿನಾಂಕ ತುಂಬಿತ್ತು, ರಿಮೈಂಡರ್ ಆನ್ ಆಗಿತ್ತು. ಒಂದು ಮೇಲ್ ಕೂಡ ಬರಲಿಲ್ಲ. ಬೇಡದ ಸೇವೆಗೆ ಇನ್ನೊಂದು ವರ್ಷ ದುಡ್ಡು ಕಟ್ಟಬೇಕಾಯಿತು.

ಕಾರಣ ಕಸ್ಟಮ್ ಫೀಲ್ಡ್, ಅಂದರೆ ಬಳಸುವವರೇ ಸೇರಿಸಿಕೊಳ್ಳುವ ಮಾಹಿತಿಯ ಖಾನೆ. ಹಳೇ ಎಕ್ಸೆಲ್ ಶೀಟಿನ ಒಂದೇ ಕಾಲಂನಲ್ಲಿ ‘31-03-2025’, ‘ಮಾರ್ಚ್ ಕೊನೆ’, ‘ಕೆಲಸ ಮುಗಿಯುವವರೆಗೆ’ ಎಲ್ಲವೂ ಬೆರೆತಿದ್ದವು. ಡೇಟ್ ಫೀಲ್ಡ್ ಅವನ್ನು ಒಪ್ಪದ ಕಾರಣ ಒಂದು ಟೆಕ್ಸ್ಟ್ ಫೀಲ್ಡ್ ಮಾಡಿ ಎಲ್ಲವನ್ನೂ ಅದರೊಳಗೆ ಸುರಿದರು. ರಿಮೈಂಡರ್ ನೋಡುತ್ತಿದ್ದದ್ದು ಸಾಫ್ಟ್‌ವೇರ್‌ನಲ್ಲಿ ಮೊದಲಿನಿಂದ ಇದ್ದ ಡೇಟ್ ಫೀಲ್ಡನ್ನು, ಅದು ಖಾಲಿ. ಫೀಲ್ಡ್ ಖಾಲಿ ಇದ್ದರೆ ಎರರ್ ಬರುವುದಿಲ್ಲ, ಸುಮ್ಮನಿರುತ್ತದೆ. ಅದೇ ಇದರ ಅಪಾಯ.

ನಿಮ್ಮಲ್ಲೂ ಹೀಗಾಗಿದೆಯೇ ಎಂದು ತಿಳಿಯಲು ಮುಕ್ತಾಯ ದಿನಾಂಕದ ಕಾಲಂ ಸಾರ್ಟ್ ಮಾಡಿ. 02-01-2025ಕ್ಕಿಂತ ಮೇಲೆ 01-12-2026 ಬಂದು ಕೂತರೆ ಅದು ಟೆಕ್ಸ್ಟ್. ಡೇಟಾ ತುಂಬಿದ ಮೇಲೆ ಫೀಲ್ಡ್‌ನ ಬಗೆ ಬದಲಿಸಲು ಬಹಳಷ್ಟು ಸಾಫ್ಟ್‌ವೇರ್ ಬಿಡುವುದಿಲ್ಲ. ಬಿಟ್ಟರೂ ಇದ್ದ ಡೇಟಾ ಅಳಿಸಿಹೋಗಬಹುದು. ಆದ್ದರಿಂದ ಹಳೆಯದನ್ನು ಮುಟ್ಟದೆ ಹೊಸ ಡೇಟ್ ಫೀಲ್ಡ್ ಮಾಡಿ. ರೆಕಾರ್ಡ್ ಐಡಿಯ (ಪ್ರತಿ ಕರಾರಿಗೆ ಸಾಫ್ಟ್‌ವೇರ್ ಕೊಡುವ ಗುರುತಿನ ಸಂಖ್ಯೆ) ಸಮೇತ ಎಕ್ಸ್‌ಪೋರ್ಟ್ ಮಾಡಿ, ಶುದ್ಧಗೊಳಿಸಿ, ಅದೇ ಐಡಿಗೆ ಹೊಂದಿಸಿ ಮತ್ತೆ ಇಂಪೋರ್ಟ್ ಮಾಡಿ. ಹಳೇ ಫೀಲ್ಡನ್ನು ಬಳಸುತ್ತಿರುವ ರಿಪೋರ್ಟ್, ಟೆಂಪ್ಲೇಟ್, ರಿಮೈಂಡರ್‌ಗಳನ್ನು ಹೊಸದಕ್ಕೆ ತಿರುಗಿಸಿದ ಮೇಲಷ್ಟೇ ಹಳೆಯದನ್ನು ಮರೆಮಾಡಿ. ‘ಕೆಲಸ ಮುಗಿಯುವವರೆಗೆ’ ಎಂಬಂಥವಕ್ಕೆ ‘ಅವಧಿಯ ಬಗೆ’ ಎಂಬ ಬೇರೆ ಡ್ರಾಪ್‌ಡೌನ್ ಇರಲಿ.

ಇಂಪೋರ್ಟ್ ಮಾಡುವಾಗ ಇನ್ನೊಂದು ಅಪಾಯ ಕಾದಿರುತ್ತದೆ. ಸಿಸ್ಟಂ ಅಮೆರಿಕದ ಕ್ರಮದಲ್ಲಿದ್ದರೆ ನಮ್ಮ 05/04/2025, ಅಂದರೆ ಏಪ್ರಿಲ್ 5, ಮೇ 4 ಆಗಿ ಒಳಗೆ ಹೋಗುತ್ತದೆ. 31/03/2025 ಮಾತ್ರ ತಿರಸ್ಕೃತವಾಗುತ್ತದೆ, ಏಕೆಂದರೆ 31ನೇ ತಿಂಗಳಿಲ್ಲ. ಎರರ್ ಬಂದ ಸಾಲುಗಳನ್ನು ಮಾತ್ರ ಸರಿಪಡಿಸಿ ಸಮಾಧಾನಪಡಬೇಡಿ. ತಿಂಗಳ 12ನೇ ತಾರೀಖಿನೊಳಗಿನ ದಿನಾಂಕಗಳೇ ಸದ್ದಿಲ್ಲದೆ ಕೆಟ್ಟಿರುತ್ತವೆ. 2025-04-05 ಎಂದು ವರ್ಷ ಮೊದಲು ಬರೆದು ಕಳಿಸಿ. ಇಂಪೋರ್ಟ್‌ಗೆ ಸಿದ್ಧವಾದ ಸಿಎಸ್‌ವಿಯನ್ನು (ಕಾಮಾದಿಂದ ಕಾಲಂಗಳನ್ನು ಬೇರ್ಪಡಿಸುವ ಸರಳ ಟೆಕ್ಸ್ಟ್ ಫೈಲ್) ಮತ್ತೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ ಕ್ರಮ ಬದಲಾಗುತ್ತದೆ, ನೋಟ್‌ಪ್ಯಾಡ್‌ನಲ್ಲಿ ನೋಡಿ. ಮೊತ್ತದ ಕಾಲಂನಲ್ಲಿ ಕಾಮಾ ತೆಗೆಯಿರಿ: ಉದ್ಧರಣ ಚಿಹ್ನೆ ಇಲ್ಲದ 12,50,000 ಸಿಎಸ್‌ವಿಯಲ್ಲಿ 12, 50, 000 ಎಂದು ಮೂರು ಕಾಲಂ ಆಗಿ ಒಡೆಯುತ್ತದೆ, ಮುಂದಿನದೆಲ್ಲ ಎರಡು ಮನೆ ಆಚೆ ಸರಿಯುತ್ತದೆ. ಮೊತ್ತ ತಿಂಗಳದೋ ವರ್ಷದ್ದೋ, ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂಬುದಕ್ಕೆ ಬೇರೆ ಫೀಲ್ಡ್ ಬೇಕು.

ಚೆಕ್‌ಬಾಕ್ಸ್ ಕಂಡಲ್ಲೂ ಯೋಚಿಸಿ. ‘ಸರಬರಾಜುದಾರ ಎಂಎಸ್‌ಎಂಇಯೇ?’ (ಅಂದರೆ ಸೂಕ್ಷ್ಮ, ಸಣ್ಣ ಅಥವಾ ಮಧ್ಯಮ ಉದ್ಯಮವೇ) ಎಂಬುದಕ್ಕೆ ಟಿಕ್ ಇಲ್ಲದಿದ್ದರೆ ‘ಅಲ್ಲ’ ಎಂದೋ, ಯಾರೂ ಕೇಳಿಲ್ಲ ಎಂದೋ? 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಕರಾರಿದ್ದರೂ 45 ದಿನ ಮೀರಿ ಪಾವತಿ ತಡಮಾಡುವಂತಿಲ್ಲ. ಹಾಗಾಗಿ ಇಲ್ಲಿ ಸೂಕ್ಷ್ಮ, ಸಣ್ಣ, ಮಧ್ಯಮ, ಅಲ್ಲ, ಪರಿಶೀಲಿಸಿಲ್ಲ ಎಂಬ ಐದು ಆಯ್ಕೆಯ ಡ್ರಾಪ್‌ಡೌನ್ ಹಾಕಿ.

ಎಲ್ಲ ಫೀಲ್ಡನ್ನೂ ಕಡ್ಡಾಯ ಮಾಡಬೇಡಿ. ಗೌಪ್ಯತೆಯ ಕರಾರಿಗೆ ಮೊತ್ತವೇ ಇರುವುದಿಲ್ಲ. ಕೇಳಿದರೆ ಜನ 1 ಎಂದು ತುಂಬಿ ಮುಂದೆ ಹೋಗುತ್ತಾರೆ, ನಿಮ್ಮ ರಿಪೋರ್ಟ್ ಕೆಡುತ್ತದೆ.

ಕೊನೆಗೆ, ರಿಮೈಂಡರನ್ನು ಮುಕ್ತಾಯ ದಿನಾಂಕಕ್ಕೆ ಕಟ್ಟದೆ ‘ನೋಟಿಸ್‌ನ ಕೊನೇ ದಿನ’ಕ್ಕೆ ಕಟ್ಟಿ. ನೋಟಿಸ್ ದಿನಗಳಿಗೆ ಒಂದು ನಂಬರ್ ಫೀಲ್ಡ್, ಮುಕ್ತಾಯದಿಂದ ಅದನ್ನು ಕಳೆಯುವ ಒಂದು ಫಾರ್ಮುಲಾ ಫೀಲ್ಡ್, ಅದಕ್ಕೂ 30 ದಿನ ಮೊದಲು ಮೇಲ್. ಇದನ್ನು ಇವತ್ತೇ ಪರೀಕ್ಷಿಸಬಹುದು: ಇಂದಿನಿಂದ 121ನೇ ದಿನಕ್ಕೆ ಮುಗಿಯುವ ಒಂದು ಡಮ್ಮಿ ಕರಾರು ಮಾಡಿ, ನೋಟಿಸ್ 90 ದಿನ ಎಂದು ಹಾಕಿ. ನಾಳೆ ಮೇಲ್ ಬರಬೇಕು. ಬರದಿದ್ದರೆ ನಿಜವಾದ ಕರಾರುಗಳನ್ನು ಇನ್ನೂ ತುಂಬಬೇಡಿ.